ಉಲ್ಟಾ ಓಡುವ ಪಟ್ಟಿ

ಆ ಹತ್ತು ನಿಮಿಷ ನೆನೆದರೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಆಗ ನಾನು ಸಿರುಗುಪ್ಪದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಸರ್ಕಾರಿ ಕೆಲಸದಲ್ಲಿದ್ದೆ. ನಾಲ್ಕು ವರ್ಷದ ಮಗಳು ಕುರುಗೋಡಿನಲ್ಲಿ ನನ್ನ ಅತ್ತೆಯ ಹತ್ತಿರ ಬೆಳೆಯುತ್ತಿದ್ದಳು. ಶನಿವಾರ ಸಂಜೆ ಅಲ್ಲಿಗೆ ಹೋದರೆ ಸೋಮವಾರ ಬೆಳಗ್ಗೆ ಅವಳನ್ನು ಬಿಟ್ಟು ಹೊರಡುತ್ತಿದ್ದೆ. ಆ ವರ್ಷ ಕುರುಗೋಡಿನಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ವರ್ಗಾವಣೆಗೆ ಊರು ಆರಿಸುವುದು ಆನ್‌ಲೈನಿನಲ್ಲಿ, ನನ್ನ ಸರದಿಗೆ ಹತ್ತು ನಿಮಿಷ. ತಪ್ಪು ಊರು ಒತ್ತಿದರೆ ಮುಗಿಯಿತು, ಬದಲಿಸಲು ಬರುವುದಿಲ್ಲ.

ಬಳ್ಳಾರಿ ಗಾಂಧಿನಗರದ ಅಣ್ಣನ ಮನೆಯಲ್ಲಿ ಕುಳಿತೆ. ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಜೀವ ಬರಿಸಿದ್ದೇನೆಂದು ಅವನಿಗೆ ಭಾರೀ ಹೆಮ್ಮೆ.

ಊರುಗಳ ಪಟ್ಟಿ ತೆರೆಯಿತು. ಟಚ್‌ಪ್ಯಾಡಿನ ಮೇಲೆ ಬೆರಳು ಹಿಂದಕ್ಕೆಳೆದರೆ ಕುರುಗೋಡನ್ನು ದಾಟಿ ಕೊನೆಯ ಸಾಲಿಗೆ, ಮುಂದಕ್ಕೆ ದೂಡಿದರೆ ಮತ್ತೆ ಮೊದಲ ಸಾಲಿಗೆ. ಹತ್ತು ವರ್ಷ ಇದೇ ಬಳ್ಳಾರಿಯಲ್ಲಿ ಜೀನ್ಸ್ ಹೊಲಿದವಳು ನಾನು. ಬಟ್ಟೆಯನ್ನು ಮುಂದಕ್ಕೆ ದೂಡಿದರೆ ಮುಂದಕ್ಕೇ ಹೋಗಬೇಕು. ಹೊಲಿಯುವಾಗ ಎಡಗೈ ಬಟ್ಟೆಯ ಮೇಲೆ ಒತ್ತಿಕೊಂಡೇ ಇರುತ್ತದೆ. ಟಚ್‌ಪ್ಯಾಡಿನ ಮೇಲೂ ಹಾಗೆಯೇ ಇಟ್ಟಿದ್ದೆ. ಬಲಗೈಯಲ್ಲಿ ಬಾಣದ ಗುರುತು ಸರಿಸಹೋದರೆ ಯಂತ್ರ ಎರಡು ಬೆರಳೆಂದು ತಿಳಿದು ಇಡೀ ಪಟ್ಟಿಯನ್ನೇ ಓಡಿಸುತ್ತಿತ್ತು.

"ಎಡಗೈ ತಗೀವಾ! ಅದೇನ್ ಜೀನ್ಸ್ ಪ್ಯಾಂಟೇನು?" ಅಂದ ಅಣ್ಣ. "ಕೊಡಿಲ್ಲಿ, ನಾನ ಒತ್ತತೀನಿ."

"ಪಟ್ಟಿ ಮುಟ್ಟಬ್ಯಾಡ ನೀ. ಸೆಟ್ಟಿಂಗ್ ಅಷ್ಟ ಸರಿ ಮಾಡು. ಟೈಮ್ ಓಡಾಕತ್ತೈತಿ!"

ಅವನ ಕೈ ಜಾರಿದ್ದರೆ ಜನ್ಮವಿಡೀ ಅವನಿಗೆ ಶಾಪ ಹಾಕುತ್ತಿದ್ದೆ. ತಪ್ಪಾದರೆ ನನ್ನ ಕೈಯಿಂದಲೇ ಆಗಲಿ ಅನ್ನಿಸಿತ್ತು.

ಆರು ನಿಮಿಷ ಉಳಿದಿತ್ತು. ಅವನು ಪಟ್ಟಿ ಸರಿಯುವ ದಿಕ್ಕು ತಿರುಗಿಸಿದ, ಬಾಣದ ವೇಗ ಇಳಿಸಿದ. ಪಟ್ಟಿಯ ಓಟ ಮಾತ್ರ ಇಳಿಯಲಿಲ್ಲ. "ಇದರ ಸ್ಪೀಡಿಗೆ ಇಲ್ಲಿ ಏನೂ ಕೊಟ್ಟಿಲ್ಲಲ್ಲ," ಎಂದು ಗೊಣಗುತ್ತ ಯಂತ್ರಕ್ಕೆ ನೇರ ಆದೇಶ ಬರೆಯುವ ಕಪ್ಪು ಕಿಟಕಿಯೊಂದನ್ನು ತೆರೆದು ಉದ್ದದ ಸಾಲು ಟೈಪಿಸಿದ. ತಪ್ಪಾಯಿತು. ಮತ್ತೆ ಟೈಪಿಸಿದ. ಈ ಸಲ ಯಂತ್ರ ಒಪ್ಪಿಕೊಂಡಿತು. ಮೂರು ನಿಮಿಷವಿದ್ದಾಗ ಲ್ಯಾಪ್‌ಟಾಪನ್ನು ನನ್ನ ಕಡೆ ಸರಿಸಿದ.

ಎಡಗೈಯನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡೆ. ಬಲಗೈಯ ಎರಡು ಬೆರಳಿನಿಂದ ಮೆಲ್ಲಗೆ ಮುಂದಕ್ಕೆ ದೂಡಿದೆ. ಪಟ್ಟಿ ನನ್ನ ಮಾತು ಕೇಳುತ್ತ ಒಂದೊಂದೇ ಸಾಲು ಸರಿಯಿತು. ಕುರುಗೋಡು ಬಂತು. ಎರಡು ಸಲ ಓದಿ ಒತ್ತಿದೆ. ಖಚಿತವೇ ಎಂದು ಕೇಳಿತು, ಮತ್ತೆ ಒತ್ತಿದೆ. ಜಾಗ ನನ್ನ ಹೆಸರಿಗೆ ಬಂತು.

ಕೂಡಲೇ ಕುರುಗೋಡಿಗೆ ಫೋನ್ ಮಾಡಿದೆ. ಅತ್ತೆ ಮಗಳ ಕೈಗೆ ಕೊಟ್ಟರು.

"ಕೂಸ, ನಾ ಊರಿಗೆ ಬರಾಕತ್ತೀನಿ," ಅಂದೆ.

"ಹೊಳ್ಳಿ ಯಾವಾಗ ಹೋಗ್ತಿ?"

"ಇನ್ನ ಹೋಗಂಗಿಲ್ಲವಾ. ಅಲ್ಲೇ ಇರ್ತೀನಿ."

ನನಗೆ ಅಳು ತಡೆಯಲಾಗಲಿಲ್ಲ.

"ಇಲ್ಲ," ಅಂದಳು ಮಗಳು, "ಸೋಮವಾರ ಹೋಗ್ತಿ ನೀ."