ಕಿಟಕಿಯ ಗೋಣಿತಾಟು

ಅರಕಲಗೂಡಿನ ಆಚೆ, ಗೌರೀಶನ ಹೊಗೆಸೊಪ್ಪಿನ ಕೋಣೆಯಲ್ಲಿ ಎಲೆ ವಿಂಗಡಿಸುವ ಕಾಲ ಬಂತೆಂದರೆ ಕಿಟಕಿಗಳಿಗೆ ಗೋಣಿತಾಟು ಬೀಳುತ್ತದೆ. ಬೆಂಕಿಯ ಕಾವಿನಲ್ಲಿ ಬೇಯಿಸಿದ ಸೊಪ್ಪಿಗೆ ಒಣಗಾಳಿ ತಾಗಿದರೆ ಹಪ್ಪಳದಂತೆ ಮುರಿಯುತ್ತದೆ. ಅದಕ್ಕೇ ಹೆಂಗಸರು ಮುಚ್ಚಿದ ಕೋಣೆಯಲ್ಲಿ ಕೂತು, ಬಣ್ಣ ನೋಡಿ ಎಲೆ ಬೇರೆ ಮಾಡುತ್ತಾರೆ. ಧೂಳು ಎಲ್ಲಿಗೆ ಹೋಗಬೇಕು? ಅವರ ಎದೆಗೇ.

ಮಲ್ಲಿಗಮ್ಮ ಆ ನೆಲದ ಮೇಲೆ ಕೂತೇ ಮುದುಕಿಯಾದವಳು. ಪಕ್ಕದಲ್ಲಿ ಕೂರುತ್ತಿದ್ದ ಅವಳ ತಂಗಿ ಕೆಮ್ಮಿ ಕೆಮ್ಮಿಯೇ ಹೋದಳು. ಈಗ ಅದೇ ಜಾಗದಲ್ಲಿ ತಂಗಿಯ ಮಗಳು ಮಾನ್ಯ. ಅವಳ ಎದೆಯಲ್ಲೂ ಸಿಳ್ಳೆ ಶುರುವಾಗಿತ್ತು. ಆ ಸದ್ದು ಮಲ್ಲಿಗಮ್ಮನಿಗೆ ಗುರುತಿತ್ತು.

ಆಸ್ಪತ್ರೆಯ ನರ್ಸ್ ಪ್ರೇಮಕುಮಾರಿ ಗಾಳಿ ಅಳೆಯುವ ಪುಟ್ಟ ಪೆಟ್ಟಿಗೆ ತಂದುಕೊಟ್ಟರು. ಗಾಳಿ ಚೆನ್ನಾಗಿದ್ದರೆ ಹಸಿರು ದೀಪ, ಕೆಟ್ಟರೆ ಕೆಂಪು. ಅವರು ಅತ್ತ ಹೋದದ್ದೇ ತಡ, ಗೌರೀಶ ಅದನ್ನು ಹೊರಗಿನ ಜಗಲಿಯ ಮೇಲಿಟ್ಟ.

"ನೋಡ್ರವ್ವಾ, ಹಸ್ರು! ಇನ್ನು ಯಾವಳಾದ್ರೂ ಕೆಮ್ಮಿದ್ರೆ ಅದು ಕಳ್ಳ ಕೆಮ್ಮು ಕಣ್ರೇ."

ಮಲ್ಲಿಗಮ್ಮ ಎದ್ದು ಹೋಗಿ, ಪೆಟ್ಟಿಗೆಯನ್ನು ಒಳಗೆ ತಂದು ಮಾನ್ಯಳ ಪಕ್ಕ ಇಟ್ಟಳು. ಸ್ವಲ್ಪ ಹೊತ್ತಿಗೆ ಕೆಂಪು.

"ನಾವೇನು ಜಗ್ಲಿ ಮ್ಯಾಲೆ ಕೂತಿದ್ದೀವಾ ಗೌರೀಶಪ್ಪಾ? ತಾಟು ತಗ್ಸು."

"ತಗ್ಸಿದ್ರೆ ಸೊಪ್ಪು ಪುಡಿ ಆಯ್ತದೆ. ನಿಮ್ಮಪ್ಪ ಬಂದು ಅಂಟಿಸ್ಕೊಡ್ತಾನಾ?"

"ಇಬ್ನಿ ಇರೋಗಂಟ ಆಗಾಕಿಲ್ಲ, ನಿಂಗೂ ಗೊತ್ತು. ವತ್ತಾರೆನೇ ಸುರು ಮಾಡುಸು, ಬಿಸ್ಲು ಏರೋದ್ರೊಳ್ಗೆ ನಿಲ್ಸು."

ಇದಕ್ಕೆ ಗೌರೀಶನಿಗಿಂತ ಮೊದಲು ಜೊತೆಯ ಹೆಂಗಸರೇ ತಿರುಗಿಬಿದ್ದರು. ಮೂಲೆಯಲ್ಲಿದ್ದ ಆಶಾರಾಣಿಯಂತೂ ಕೈ ನೀಡಿ ಬೈದಳು: "ವತ್ತಾರೆ ನಮ್ಮನೆ ಹಾಲು ಕರೆಯೋಳು ಯಾರು, ನೀನಾ? ನಿಂಗೇನು, ಹಿಂದೆ ಮುಂದೆ ಯಾರೂ ಇಲ್ಲ."

"ಇವ್ಳೊಬ್ಳು ಅವ್ಳೆ" ಎಂದು ಮಲ್ಲಿಗಮ್ಮ ಮಾನ್ಯಳನ್ನು ತೋರಿಸಿದಳು. ಹೆಂಗಸರೆಲ್ಲ ಅವಳಿಗೆ ಬೆನ್ನು ಹಾಕಿ ಕೂತರು.

ಮರುದಿನ ಗೌರೀಶ ಡೈರಿಗೆ ಹಾಲು ಒಯ್ಯಲು ಹೊರಡುವ ಹೊತ್ತಿಗೇ ಮಲ್ಲಿಗಮ್ಮ, ಮಾನ್ಯ ಇಬ್ಬರೇ ಬಂದು ಬಾಗಿಲು ತೆಗೆಸಿದರು. ಅವನು ಅತ್ತ ಹೋದ ಮೇಲೆ ಮಲ್ಲಿಗಮ್ಮ ತಾಟು ಕಿತ್ತು, ಕಿಟಕಿಯ ಕೆಳಗೆ ಹಾಸಿ, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ತಂಪು ಗಾಳಿಗೆ ಎಲೆ ಮುರಿಯದೆ ಬಟ್ಟೆಯಂತೆ ಮಡಚಿಕೊಳ್ಳುತ್ತಿತ್ತು.

ಹಿಂದಿರುಗಿದ ಗೌರೀಶ ಕ್ಯಾನನ್ನು ನೆಲಕ್ಕೆ ಕುಕ್ಕಿದ. "ಏಳು ಮ್ಯಾಕೆ! ತಾಟು ಕೊಡು."

"ಇಬ್ನಿ ಆರ್ಲಿ, ನಾನೇ ಕಟ್ತೀನಿ. ಅಲ್ಲೀಗಂಟ ಬೇಕಾದ್ರೆ ನನ್ನ ಎತ್ತಿ ಎಸ್ದು ತಕ್ಕೊ."

ಮುದುಕಿಯ ಮೈಮುಟ್ಟಲು ಅವನಿಗೆ ಧೈರ್ಯ ಬರಲಿಲ್ಲ. "ನಾಳೆ ಬಾಗ್ಲೇ ತಗ್ಯಾಕಿಲ್ಲ ಕಣೇ" ಎಂದ.

"ನಾಳೆ ಮಾತು ನಾಳೆಗೆ."

ಮಲ್ಲಿಗಮ್ಮ ಎಲೆ ಕೆಳಗಿಟ್ಟು ಮಾನ್ಯಳ ಉಸಿರಿಗೆ ಕಿವಿಗೊಟ್ಟಳು. ಸಿಳ್ಳೆ ಇತ್ತು, ಆದರೆ ನಿನ್ನೆಗಿಂತ ಸಣ್ಣದು. ಅವಳು ತಾಟಿನ ಮೇಲೆ ಇನ್ನಷ್ಟು ಭಾರ ಬಿಟ್ಟು ಕೂತಳು.