ಚಪ್ಪಲಿ ಎಣಿಸುವ ಅಂಬಮ್ಮ

ರಾಯಚೂರು ಸ್ಟೇಷನ್ನಿನ ಹತ್ತಿರ ತನ್ನ ಮನೆಯ ಪಡಸಾಲೆಯನ್ನು ತಲೆಗಿಷ್ಟೆಂದು ನಾಲ್ಕೆಂಟು ದಿನದ ಬಾಡಿಗೆಗೆ ಕೊಡುವ ಅಂಬಮ್ಮ, ಬಂದವರ ಮಾತಿಗಿಂತ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಹೆಚ್ಚು ನಂಬುತ್ತಾಳೆ. "ಇಬ್ಬರ ಅದೀವ್ರಿ ಅಕ್ಕಾರ" ಎಂದು ಗಬ್ಬೂರಿನವರು ಕೈಮುಗಿದರೆ, "ಹೌದೇನ್ರಿ? ಐದು ಜೊತಿ ಚಪ್ಪಲಿ ತಾವ ನಡಕೋತ ಬಂದಾವೇನು?" ಎಂದು ಬೈಯುತ್ತಲೇ, ಮಹಾಯುದ್ಧದಿಂದಾಗಿ ಜೋಳ ಸಿಗದ ಈ ದಿನಗಳಲ್ಲೂ ಐವರಿಗೂ ಹಿಟ್ಟು ನಾದುತ್ತಾಳೆ. ಒಮ್ಮೆ ಮಾತ್ರ ಅವಳ ಎಣಿಕೆ ತಪ್ಪಿತು. ಮಾನ್ವಿಯಿಂದ ಬಂದ ಇಬ್ಬರ ಗಂಟುಮೂಟೆಗಳ ಮರೆಯಲ್ಲಿ ಮೂಕಮ್ಮನೆಂಬ ಬರಿಗಾಲಿನ ಮುದುಕಿ ಅಡಗಿ ಕುಳಿತಿದ್ದಳು. ಅಂದು ಮಧ್ಯಾಹ್ನ ಗಂಡ ಮಿಲ್ಲಿಗೆ ಹೋಗಿದ್ದಾಗ, ದಿನ ತುಂಬುವ ಮೊದಲೇ ಅಂಬಮ್ಮನಿಗೆ ಹೆರಿಗೆ ನೋವು ಬಂತು. "ಹೆದರಬ್ಯಾಡ ಮಗಳ, ನಾ ಅದೀನಿ" ಎಂದು ಮೂಟೆಯ ಹಿಂದಿನಿಂದ ಎದ್ದುಬಂದು ತಾಯಿ-ಮಗುವನ್ನು ಉಳಿಸಿದವಳು ಆ ಮುದುಕಿಯೇ. ಕೂಸಿಗೀಗ ಮೂರು ವರ್ಷ, ಹೆಸರು ಮೂಕಮ್ಮ. ಅಂಬಮ್ಮ ಇಂದಿಗೂ ಚಪ್ಪಲಿ ಎಣಿಸುತ್ತಾಳೆ, ಬೈಯುತ್ತಾಳೆ. ಆಮೇಲೆ ಬರಿಗಾಲಿನವರಿಗೆಂದು ಒಂದು ರೊಟ್ಟಿ ಹೆಚ್ಚು ಬಡಿಯುತ್ತಾಳೆ.