ಕಾರಿನ ಹಿಂದೆ ಚೆಲ್ಲದ ನೀರು

ಆಗ ನನಗೆ ಎಪ್ಪತ್ತೊಂದು. ಮೂರು ವರ್ಷದ ಕೆಳಗಿನ ಮಾತು. ಲಾಸ್ ಏಂಜಲಿಸ್ ಹತ್ತಿರದ ವಾಲ್‌ನಟ್ ಊರಿನಲ್ಲಿ ಮಗಳ ಮನೆಯಲ್ಲಿದ್ದೆ, ಈಗಲೂ ಅಲ್ಲೇ ಇದ್ದೇನೆ. ಪಕ್ಕದ ಮನೆಯಲ್ಲಿ ತುರ್ಕಿ ದೇಶದವನೊಬ್ಬ ಹೆಂಡತಿಯ ಜೊತೆ ಇದ್ದ. ಎತ್ತರದ ಆಳು, ನಡೆದರೆ ಬಲಗಾಲು ಎಳೆಯುತ್ತಿತ್ತು. ವಾರದಲ್ಲಿ ಮೂರ್ನಾಲ್ಕು ದಿನ ಕಾಣುತ್ತಿರಲಿಲ್ಲ. ಉಳಿದ ದಿನ ಹಿತ್ತಲಲ್ಲಿ ನಿಂತು ನಿಂಬೆ ಗಿಡಕ್ಕೆ ನೀರು ಬಿಡುತ್ತಿದ್ದ. ಕೆಲಸವಿಲ್ಲದ ಗಂಡಸು ಅಂದುಕೊಂಡಿದ್ದೆ.

"ಅಂವಾ ಫುಟ್‌ಬಾಲ್ ಆಟಗಾರ ಅವ್ವಾ," ಅಂದಳು ಮಗಳು.

"ಈ ವಯಸ್ಸಿನಾಗ ಚೆಂಡು ಒದೀತಾನ?"

"ಈಗ ಒದ್ಯಂಗಿಲ್ಲ, ಒದಸ್ತಾನ. ಸ್ಯಾನ್ ಡಿಯೇಗೋದಾಗ ಒಂದು ಸಣ್ಣ ಕ್ಲಬ್ ಐತಿ, ಅದಕ್ಕ ಮ್ಯಾನೇಜರ್."

"ಒದಸಾಕೂ ಪಗಾರ ಕೊಡ್ತಾರ?"

"ಗ್ಲೆಂಡೇಲ್‌ನಾಗ ನಮ್ಮ ಆಫೀಸಿನ ಮ್ಯಾನೇಜರ್‌ಗೂ ಕೊಡ್ತಾರ. ಅಂವಾ ನಮ್ಮನ್ನ ಒದೀತಾನ."

ಆಮೇಲೆ ಪರಿಚಯವಾಯಿತು. ನಾನು ಗೋಡೆಯ ಮೇಲಿಂದ ಶೇಂಗಾ ಹೋಳಿಗೆ ಕೊಟ್ಟರೆ ಅವನ ಹೆಂಡತಿ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹಾ ಕೊಡುತ್ತಿದ್ದಳು. ಹಾಲಿಲ್ಲದ ಚಹಾ ನನಗೆ ಸೇರದು, ಆದರೂ ಕುಡಿಯುತ್ತಿದ್ದೆ. ಅವನು ನನ್ನನ್ನು ತೇಯ್ಜೆ ಅನ್ನುತ್ತಿದ್ದ. ಅವರಲ್ಲಿ ಚಿಗವ್ವನಿಗೆ ಹಾಗನ್ನುತ್ತಾರಂತೆ. ಅವನ ಇಂಗ್ಲಿಷನ್ನು ಮಗಳು ಕನ್ನಡ ಮಾಡಿ ಹೇಳುತ್ತಿದ್ದಳು. ಹಾಗೆ ಅವನ ಕಥೆಯೆಲ್ಲ ಗೊತ್ತಾಯಿತು.

ಅವನು ಸಮುದ್ರದ ದಂಡೆಯ ಊರಿನವನು. ದೊಡ್ಡ ಪಟ್ಟಣದ ಕ್ಲಬ್ಬಿನಲ್ಲಿ ಬಹಳ ವರ್ಷ ಆಡಿದ. ಡಿಫೆಂಡರ್ ಆಗಿದ್ದನಂತೆ, ಅಂದರೆ ಗೋಲು ಹೊಡೆಯುವವನಲ್ಲ, ಹೊಡೆಯಲು ಬಂದವನಿಗೆ ಅಡ್ಡ ನಿಲ್ಲುವವನು. ಹೊಡೆದವನ ಫೋಟೋ ಪೇಪರಿಗೆ ಹೋಗುತ್ತದೆ, ಅಡ್ಡ ನಿಂತವನ ಮೊಣಕಾಲು ಆಸ್ಪತ್ರೆಗೆ ಹೋಗುತ್ತದೆ. ಇವನದೂ ಹೋಯಿತು. ಕೊನೆಗಾಲಕ್ಕೆ ಲಾಸ್ ಏಂಜಲಿಸ್‌ನ ಒಂದು ಕ್ಲಬ್ಬಿಗೆ ಬಂದು ಕುಂಟುತ್ತಲೇ ಸ್ವಲ್ಪ ಆಡಿ ಬಿಟ್ಟ. ಆಮೇಲೆ ಅದೇ ಕ್ಲಬ್ಬಿನಲ್ಲಿ ಹುಡುಗರಿಗೆ ಕಲಿಸುವ ಕೆಲಸ ಹಿಡಿದ. ಕೊರೊನಾ ಬಂದ ವರ್ಷ ಆ ಕ್ಲಬ್ಬೂ ಮುಚ್ಚಿತು. ಇವನು ಗರಾಜಿನಲ್ಲಿ ಫೋನ್ ನಿಲ್ಲಿಸಿಕೊಂಡು ಅದರೆದುರು ಹುಡುಗರಿಗೆ ಕಸರತ್ತು ಮಾಡಿ ತೋರಿಸುತ್ತಿದ್ದ. ಆಮೇಲೆ ಸ್ಯಾನ್ ಡಿಯೇಗೋದವರು ಕರೆದು ಮ್ಯಾನೇಜರ್ ಮಾಡಿದರು.

"ಆಡುವಾಗ ಸೋತರೆ ಬೈಗುಳವನ್ನು ಹನ್ನೊಂದು ಜನ ಹಂಚಿಕೊಳ್ಳುತ್ತಿದ್ದೆವು ತೇಯ್ಜೆ. ಈಗ ನನಗೊಬ್ಬನಿಗೇ ಊಟ," ಅಂದಿದ್ದ.

ಆ ವರ್ಷ ಅವನ ತಂಡ ಸೋಲುತ್ತಲೇ ಬಂತು. ಕ್ಲಬ್ಬಿನವರು ಕೊನೆಗೆ ಹೇಳಿಬಿಟ್ಟರು, ಈ ಶನಿವಾರ ಗೆಲ್ಲದಿದ್ದರೆ ನೀನು ಬೇಡ ಅಂತ. ಕೆಲಸ ಹೋದರೆ ಈ ದೇಶದಲ್ಲಿ ಇರುವ ಹಾಗಿಲ್ಲ, ಗಂಟುಮೂಟೆ ಕಟ್ಟಬೇಕು. ಅವನ ಹೆಂಡತಿ ಆ ವಾರವೆಲ್ಲ ಒಂದೇ ಕಿಟಕಿ ಒರೆಸುತ್ತಿದ್ದಳು.

ಶನಿವಾರ ಬೆಳಿಗ್ಗೆ ನಾನು ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದೆ. ಅವನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದು, ನನಗೆ ಕೈಯೆತ್ತಿ, ಕಾರು ಹತ್ತಿದ. ಕಾರು ಹೊರಳಿತೋ ಇಲ್ಲವೋ, ಹೆಂಡತಿ ಒಳಗಿಂದ ಒಂದು ಜಗ್ಗು ತುಂಬ ನೀರು ತಂದು ರಸ್ತೆಗೆ ಸುರಿಯಲು ಕೈ ಎತ್ತಿದಳು.

ನಮ್ಮಲ್ಲಿ ಮನೆಯಿಂದ ಹೆಣ ಎತ್ತಿದ ಮೇಲೆ ನೀರು ಹಾಕಿ ತೊಳೆಯುತ್ತಾರೆ. ಬದುಕಿರುವವರು ಹೊರಟಾಗ ಕಸ ಸಹ ಗುಡಿಸುವುದಿಲ್ಲ, ಅವರು ದೂರ ಹೋಗಲಿ ಅಂತ ಕಾಯುತ್ತೇವೆ. ರಂಗೋಲಿ ಡಬ್ಬಿ ಬಿಸಾಕಿ ಓಡಿದೆ.

"ಏ ಹುಡುಗಿ, ಬ್ಯಾಡ ಬ್ಯಾಡ! ಗಂಡ ಕೆಲಸಕ್ಕ ಹೊಂಟಾನ, ಸತ್ತಿಲ್ಲ!" ಎಂದು ಅವಳ ಮುಂಗೈ ಹಿಡಿದು ಜಗ್ಗು ಕಿತ್ತುಕೊಂಡೆ.

ಅವಳಿಗೆ ಒಂದಕ್ಷರ ತಿಳಿಯಲಿಲ್ಲ. ಏನೋ ಅಂದು ಕಿತ್ತಾಡಿದಳು. ನಾನು ಬಿಡಲಿಲ್ಲ. ಅಷ್ಟರಲ್ಲಿ ಕಾರು ತಿರುವು ದಾಟಿತು. ಅವಳು ಖಾಲಿ ರಸ್ತೆ ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ದೊಡ್ಡ ಉಪಕಾರ ಮಾಡಿದೆ ಅಂದುಕೊಂಡು ನಾನು ಜಗ್ಗಿನ ನೀರನ್ನು ಅವರ ನಿಂಬೆ ಗಿಡಕ್ಕೇ ಹಾಕಿದೆ.

ಹತ್ತು ಗಂಟೆಗೆ ಮಗಳು ಕೆಂಪಗಾಗಿ ಬಂದಳು.

"ಅವ್ವಾ, ಏನ ಮಾಡೀದಿ? ಆಕಿ ಅಳಾಕತ್ತಾಳ. ಅವರ ಕಡೆ ದೊಡ್ಡ ಕೆಲಸಕ್ಕ ಹೊಂಟವರ ಹಿಂದ ನೀರು ಚೆಲ್ತಾರಂತ. ನೀರು ಹರದಂಗ ಸುಸೂತ್ರ ಹೋಗಿ ಬರ್ಲಿ ಅಂತ."

"ನನಗೇನ ಗೊತ್ತು? ಈಗ ಚೆಲ್ಲಿದ್ರ ಆಗೂದಿಲ್ಲೇನು?"

"ಕಾರಿನ ಬೆನ್ನು ಕಾಣ್ತಿರಬೇಕಂತ."

"ಮತ್ತ ತಿರುಗಿ ಬಾ ಅಂತ ಫೋನ್ ಮಾಡು."

"ಸುಮ್ಮನಿರವ್ವಾ, ಮ್ಯಾಚ್ ಐತಿ."

ಮನೆಯಲ್ಲಿ ಮುಖ ಮುಚ್ಚಿಕೊಂಡು ಕೂತರೆ ಆಗುವುದೇನು? ಮಗಳನ್ನು ಕರೆದುಕೊಂಡು ಅವರ ಮನೆಗೇ ಹೋಗಿ ಸೋಫಾದಲ್ಲಿ ಕೂತೆ. ಅವನ ಹೆಂಡತಿ ಬೇಡ ಅನ್ನಲಿಲ್ಲ, ಬಾ ಎಂದೂ ಅನ್ನಲಿಲ್ಲ. ಟಿವಿಯಲ್ಲಿ ಮ್ಯಾಚ್ ಶುರುವಾಯಿತು. ನನಗೆ ಅಂಕಿ ಗೊತ್ತು, ಅಕ್ಷರ ಅಷ್ಟಕ್ಕಷ್ಟೆ. ಒಂದು ಒಂದು ಅಂತ ಕಾಣುತ್ತಿತ್ತು. ಅವನು ಗೆರೆಯ ಪಕ್ಕದಲ್ಲಿ ಕಿಸೆಯಲ್ಲಿ ಕೈ ಇಟ್ಟುಕೊಂಡು ನಿಂತಿದ್ದ. ಹುಡುಗರು ಓಡಿದ ಕಡೆ ಇವನ ಕುಂಟು ಕಾಲೂ ಎರಡು ಹೆಜ್ಜೆ ಓಡುತ್ತಿತ್ತು. ಆಟ ಮುಗಿಯುವ ಹೊತ್ತಿಗೆ ಇವರ ಗೋಲ್‌ಕೀಪರ್ ಹಿಡಿದ ಚೆಂಡು ಕೈಯಿಂದ ಜಾರಿತು. ಎದುರಿನವನು ಒದ್ದ. ಒಂದಿದ್ದದ್ದು ಎರಡಾಯಿತು, ಅದು ನಮ್ಮದಲ್ಲ.

ಅವಳು ಟಿವಿ ಆರಿಸಿ ಚಹಾಕ್ಕೆ ಇಟ್ಟಳು. ನನಗೂ ಒಂದು ಲೋಟ ಕೊಟ್ಟಳು.

ಬಿಸಿಲಿರುವಾಗಲೇ ಅವನು ಬಂದ, ಕೋಟು ಹೆಗಲ ಮೇಲಿತ್ತು. ಕೆಲಸ ಹೋಗಿತ್ತು. ಹೆಂಡತಿ ಅವರ ಭಾಷೆಯಲ್ಲಿ ಬೆಳಗಿನದನ್ನೆಲ್ಲ ಹೇಳಿದಳು, ನನ್ನ ಕಡೆ ಕೈ ತೋರಿಸಿ. ನಾನು ತಲೆ ತಗ್ಗಿಸಲಿಲ್ಲ. ಸತ್ತವರಿಗೆ ಹಾಗೆ ಮಾಡುತ್ತೇವೆ, ಅದಕ್ಕೇ ಹಿಡಿದೆ ಅಂತ ಮಗಳ ಕೈಯಲ್ಲಿ ಹೇಳಿಸಿದೆ. ಅವನು ನಕ್ಕುಬಿಟ್ಟ.

"ಕೀಪರ್ ಕೈಯಿಂದ ಜಾರಿದ್ದು ಚೆಂಡು ತೇಯ್ಜೆ, ಜಗ್ಗು ಅಲ್ಲ. ಆದರೆ ಅವನಿಗೂ ನಿಮ್ಮ ಹಾಗೆ ಗಟ್ಟಿ ಹಿಡಿಯೋದು ಬಂದಿದ್ದರೆ ನನ್ನ ಕೆಲಸ ಉಳೀತಿತ್ತು."

ಹೆಂಡತಿಯೂ ನಕ್ಕಳು, ಕಣ್ಣೀರು ಒರೆಸಿಕೊಳ್ಳುತ್ತಲೇ. ನಾಳೆ ಮತ್ತೆ ಹೋಗಬೇಕು, ಸ್ಯಾನ್ ಡಿಯೇಗೋದ ಕರ್ನಿ ಮೆಸಾದಲ್ಲಿರುವ ಕ್ಲಬ್ಬಿನ ಆಫೀಸಿಗೆ ಕೀಲಿ ಕೊಡಬೇಕು, ಆ ಕೀಪರ್ ಹುಡುಗನನ್ನು ಮೊದಲು ಮಾತಾಡಿಸಬೇಕು ಅಂದ. ಚೆಂಡು ಬಿಟ್ಟ ಬೇಸರಕ್ಕೆ ಆ ಹುಡುಗ ಊಟ ಬಿಟ್ಟಿರುತ್ತಾನಂತೆ.

ಅವರು ದೇಶ ಬಿಡಲಿಲ್ಲ. ಎರಡು ತಿಂಗಳ ಮೇಲೆ ಗ್ಲೆಂಡೇಲ್ ಕಡೆಯ ಕ್ಲಬ್ಬೊಂದು ಅವನನ್ನು ಕರೆಯಿತು. ಅದು ನೀರಿನಿಂದ ಆಯಿತು ಅಂತ ನಾನು ಹೇಳುವುದಿಲ್ಲ. ನೀರು ಚೆಲ್ಲದೆ ಸೋತ ಅಂತಲೂ ಒಪ್ಪುವುದಿಲ್ಲ.

ಆದರೆ ಮ್ಯಾಚ್ ಸೋತ ಮರುದಿನ ಬೆಳಿಗ್ಗೆ, ಅವನು ಕೀಲಿ ಕೊಡಲು ಹೊರಟಾಗ, ಸ್ನಾನ ಮಾಡಿ ತಾಮ್ರದ ಚೊಂಬು ತುಂಬಿಕೊಂಡು ಅವರ ಗೇಟಿನ ಹತ್ತಿರ ನಿಂತೆ. ಅವನ ಹೆಂಡತಿ ಬರಿಗೈಯಲ್ಲಿ ಹೊರಗೆ ಬಂದಳು, ನನಗೆ ಹೆದರಿ ಜಗ್ಗು ತಂದಿರಲಿಲ್ಲ. ಕಾರು ಹೊರಟಿತು. ಬಾಯಲ್ಲಿ ಶಿವಶಿವಾ ಅನ್ನುತ್ತ, ಕಾರಿನ ಬೆನ್ನು ಕಾಣುವಾಗಲೇ ಚೊಂಬಿನ ನೀರನ್ನೆಲ್ಲ ರಸ್ತೆಗೆ ಸುರಿದೆ. ಆಮೇಲೆ ಮನೆಗೆ ಬಂದು ರೊಟ್ಟಿಗೆ ಹಿಟ್ಟು ನಾದಿದೆ.